ಗ್ರೇಡ್ ಅವಳದು, ಕಾರು ನಮ್ಮದು

ಅಕ್ಟೋಬರ್ 1, 2024, ಮಂಗಳವಾರ
ಕುಪರ್ಟಿನೊ, ಕ್ಯಾಲಿಫೋರ್ನಿಯಾ

ಮಗಳು ಹಗಲಿಗೆ ಹೈಸ್ಕೂಲಿನ ಹನ್ನೊಂದನೆಯ ತರಗತಿ, ಮಂಗಳವಾರ ಮತ್ತು ಗುರುವಾರ ಸಂಜೆಗೆ ಡಿ ಆಂಜಾ ಕಾಲೇಜು. ಇದನ್ನು ಇಲ್ಲಿ ಡ್ಯುಯಲ್ ಎನ್‌ರೋಲ್‌ಮೆಂಟ್ ಎನ್ನುತ್ತಾರೆ. ಊರಿನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ವಿವರಿಸಿದರೆ, "ಪಿಯುಸಿ ಮುಗಿಯದೆ ಕಾಲೇಜಿಗೆ ಹೇಗೆ ಸೇರಿಸಿಕೊಂಡರು? ಡೊನೇಷನ್ ಎಷ್ಟು ಕೊಟ್ಟಿರಿ?" ಎಂದಳು. ಡೊನೇಷನ್ ಹಾಗಿರಲಿ, ಹೈಸ್ಕೂಲಿನ ಮಕ್ಕಳಿಗೆ ಪಾಠದ ಶುಲ್ಕವೂ ಇಲ್ಲ. ಪುಸ್ತಕದ ಖರ್ಚು ನಮ್ಮದು. ಒಂದು ಫಾರಂ, ಅದಕ್ಕೆ ನಮ್ಮ ಸಹಿ, ಶಾಲೆಯವರ ಸಹಿ, ಅಷ್ಟೆ. ಸೀಟು ಹಿಡಿಯುವಾಗ ಮಾತ್ರ ಇಂಥ ಮಕ್ಕಳು ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಮನಃಶಾಸ್ತ್ರಕ್ಕೆ ಇವಳೂ ವೇಟ್‌ಲಿಸ್ಟಿನಲ್ಲಿದ್ದಳು. ಮೊದಲ ದಿನ ಯಾರೋ ಬರಲಿಲ್ಲ, ಇವಳಿಗೆ ಜಾಗವಾಯಿತು.

ಗಣೇಶನ ಹಬ್ಬದ ಊಟದ ಸಾಲಿನಲ್ಲಿ ಇದೇ ಚರ್ಚೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವರು ಪ್ರವೇಶದ ಅರ್ಜಿ ನೋಡುವಾಗ ಕಾಲೇಜಿನ ಒಂದು ಕೋರ್ಸನ್ನು ಹೈಸ್ಕೂಲಿನ ಒಂದು ವರ್ಷದ ಪಾಠಕ್ಕೆ ಸಮ ಎಂದು ಎಣಿಸುತ್ತಾರೆ. ಹಾಗಾಗಿ "ಒಂದೇ ಏಕೆ, ಎರಡೆರಡು ಹಾಕಿಸಿ" ಎಂಬ ಉಪದೇಶ ಹೋಳಿಗೆಯ ಜೊತೆಗೇ ಬಡಿಸಿದರು. ಈ ಗ್ರೇಡು ಜನ್ಮಕ್ಕಂಟಿಕೊಳ್ಳುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಮುಂದೆ ಮೆಡಿಕಲ್ ಸೀಟಿಗೆ ಅರ್ಜಿ ಹಾಕುವಾಗ ಹೈಸ್ಕೂಲಿನಲ್ಲಿದ್ದಾಗ ಓದಿದ ಕಾಲೇಜು ಕೋರ್ಸುಗಳ ಅಂಕಪಟ್ಟಿಯನ್ನೂ ಕಳಿಸಬೇಕು. ಹದಿನಾರರಲ್ಲಿ ಬಂದ ಒಂದು 'ಸಿ' ಅಲ್ಲಿಗೂ ಹಿಂಬಾಲಿಸುತ್ತದೆ. ನನ್ನ ಮಟ್ಟಿಗೆ ಒಂದೇ ಸಾಕು, ಅದೂ ಅವಳೇ ಕೇಳಿಕೊಂಡದ್ದು.

ಮನೆಯವರಿಗೆ ಬೇರೆಯೇ ಚಿಂತೆ. ಶಾಲೆಯ ಪೋರ್ಟಲ್‌ನಲ್ಲಿ ಮಗಳ ಪ್ರತಿ ಹೋಮ್‌ವರ್ಕಿನ ಅಂಕ ನೋಡಿ ಅಭ್ಯಾಸವಾದವರು, ಕಾಲೇಜಿನದ್ದನ್ನು ಎಲ್ಲಿ ನೋಡುವುದು ಎಂದು ಕೇಳಿದರು. ನೋಡುವಂತಿಲ್ಲ. ಫೆರ್ಪಾ ಎಂಬ 1974ರ ಕಾನೂನಿದೆ. ಹದಿನೆಂಟು ತುಂಬುವ ತನಕ ಶಾಲೆಯಲ್ಲಿನ ಮಕ್ಕಳ ದಾಖಲೆಯ ಮೇಲಿನ ಹಕ್ಕು ಹೆತ್ತವರದು. ಕಾಲೇಜಿಗೆ ಕಾಲಿಟ್ಟರೆ, ವಯಸ್ಸು ಎಷ್ಟೇ ಇರಲಿ, ಕಾಲೇಜಿನ ದಾಖಲೆಗಳ ಹಕ್ಕು ಮಕ್ಕಳದು. ಅಂದರೆ ಶಾಲೆಯ ಗಣಿತದ ಅಂಕ ನಾವು ನೋಡಬಹುದು, ಕಾಲೇಜಿನ ಮನಃಶಾಸ್ತ್ರದ್ದಕ್ಕೆ ಅವಳೇ ಒಪ್ಪಿಗೆ ಬರೆದುಕೊಡಬೇಕು. ಇವರು ಆ ನಿಯಮವನ್ನು ಎರಡು ಸಲ ಓದಿದರು. "ಕಾರು ಓಡಿಸುವುದಕ್ಕೆ ಮಾತ್ರ ನಾವು" ಎಂದು ಗೊಣಗಿದರು. ನನಗೇನೋ ಖುಷಿಯಾಯಿತು, ತೋರಿಸಿಕೊಳ್ಳಲಿಲ್ಲ.

ರಾತ್ರಿ ಕರೆತರುವಾಗ ಮಗಳ ಬಾಯಿಗೆ ಬಿಡುವಿಲ್ಲ. ಪಕ್ಕದಲ್ಲಿ ಕೂರುವ ಹೆಂಗಸಿಗೆ ನನ್ನಷ್ಟೇ ವಯಸ್ಸಂತೆ. ಆಸ್ಪತ್ರೆಯ ಸಮವಸ್ತ್ರದಲ್ಲೇ ಬರುತ್ತಾರೆ, ತರಗತಿ ಮುಗಿಸಿ ನೇರ ರಾತ್ರಿ ಪಾಳಿಗೆ. ಮೂರು ಬಣ್ಣದ ಪೆನ್ನಿನಲ್ಲಿ ಟಿಪ್ಪಣಿ ಬರೆಯುತ್ತಾರೆ. ಅಧ್ಯಾಪಕರು ಹೇಳಿದ್ದು ಅರ್ಥವಾಗದಿದ್ದರೆ ಅಲ್ಲೇ ಕೈ ಎತ್ತುತ್ತಾರೆ. ಶಾಲೆಯಲ್ಲಿ ಹಾಗೆ ಕೈ ಎತ್ತಿದರೆ ದಡ್ಡಿ ಎಂದುಕೊಳ್ಳುತ್ತಾರೆಂದು ಇವಳು ಸುಮ್ಮನಿರುವವಳು. ಇಂದು ಬಿಡುವಿನಲ್ಲಿ ಆಕೆ ಇವಳಿಗೆ ಅರ್ಧ ಕಿತ್ತಳೆ ಕೊಟ್ಟು, "ನೀನು ಯಾವ ಪಾಳಿಯಲ್ಲಿ ಕೆಲಸ ಮಾಡುತ್ತೀ?" ಎಂದರಂತೆ.

"ನೀನೇನು ಹೇಳಿದೆ?" ಎಂದೆ.

"ಬೆಳಗಿನ ಪಾಳಿ ಎಂದೆ, ಅಮ್ಮ. ಎಂಟೂವರೆಗೆ ಶುರುವಾಗುತ್ತದಲ್ಲ!"

ಒಪ್ಪಿಗೆ ಪತ್ರದ ಮಾತನ್ನು ಅವಳಪ್ಪ ಊಟಕ್ಕೆ ಕೂತಾಗ ತೆಗೆದರು. ಯೋಚಿಸಿ ಹೇಳುತ್ತೇನೆ ಎಂದಿದ್ದಾಳೆ. ಗುರುವಾರ ಮೊದಲ ಕ್ವಿಜ್.