ಆ ಮುದಿ ಹೋತದ ದುಡ್ಡು ಯಾರ ಕೈ ಸೇರತ್ತೆ?

ಟ್ರೋಫಿ ಹಂಟಿಂಗ್, ಅಂದ್ರೆ ದುಡ್ಡು ಕೊಟ್ಟು ಪರ್ಮಿಟ್ ತಗೊಂಡು ಕೊಂಬು, ತಲೆ, ಚರ್ಮದ ಆಸೆಗೆ ಆಡೋ ಬೇಟೆ ಅಂದ ಕೂಡ್ಲೇ ತುಂಬಾ ಜನಕ್ಕೆ ನೆನಪಾಗೋದು 2015ರಲ್ಲಿ ಜಿಂಬಾಬ್ವೆಯಲ್ಲಿ ಶಿಕಾರಿಯೊಬ್ಬನ ಕೈಲಿ ಸತ್ತ ಸೆಸಿಲ್ ಅನ್ನೋ ಸಿಂಹ. ನಂಗೂ ಅಷ್ಟೇ, ಸತ್ತ ಪ್ರಾಣಿ ಪಕ್ಕ ಕೂತು ನಗ್ತಾ ಫೋಟೋ ತೆಗೆಸ್ಕೊಳ್ಳೋರನ್ನ ನೋಡಿದ್ರೆ ಇವತ್ತಿಗೂ ಮೈ ಉರಿಯತ್ತೆ. ಆದ್ರೆ ಅದೇ ವರ್ಷ ಇನ್ನೊಂದು ಸುದ್ದಿನೂ ಬಂತು, ಮಾರ್ಖೋರ್ ಅನ್ನೋ ಕಾಡುಮೇಕೆಯನ್ನ ಐಯುಸಿಎನ್ (ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಪಟ್ಟಿ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ) ಅಳಿವಿನಂಚಿನ ವರ್ಗದಿಂದ ತೆಗೆದು ಅದಕ್ಕಿಂತ ಕಡಿಮೆ ಅಪಾಯದ ವರ್ಗಕ್ಕೆ ಹಾಕ್ತು. ಮೇಕೆ ಅಲ್ವಾ, ಸಿಂಹದಷ್ಟು ಸದ್ದಾಗ್ಲಿಲ್ಲ.

ಮಾರ್ಖೋರ್ ಪಾಕಿಸ್ತಾನದ ರಾಷ್ಟ್ರೀಯ ಪ್ರಾಣಿ, ಕೊಂಬು ಸ್ಕ್ರೂ ಥರ ತಿರುಚ್ಕೊಂಡಿರತ್ತೆ, ಶಿಕಾರಿಗಳಿಗೆ ಬೇಕಾಗಿರೋದೂ ಅದೇ. ಬಲೂಚಿಸ್ತಾನದ ತೋರ್ಘರ್ ಬೆಟ್ಟಗಳಲ್ಲಿ 1980ರ ದಶಕದ ಮಧ್ಯದ ಹೊತ್ತಿಗೆ ನೂರು ಕೂಡ ಉಳಿದಿರಲಿಲ್ಲ ಅಂತ ಅಂದಾಜು, ಪಕ್ಕದ ಅಫ್ಘಾನಿಸ್ತಾನದ ಯುದ್ಧದಿಂದ ಬಂದೂಕು, ಗುಂಡು ಎಲ್ಲಾ ಸುಲಭವಾಗಿ ಸಿಗ್ತಿತ್ತು, ಕಂಡಿದ್ದನ್ನ ಹೊಡೆಯೋದೇ. ಆಗ ಅಲ್ಲಿನ ಪಶ್ತೂನ್ ಬುಡಕಟ್ಟಿನೋರು ಮಾಡಿದ ಕೆಲಸ ನಂಗೆ ತುಂಬಾ ಇಷ್ಟ ಆಯ್ತು: ತಾವು ಬೇಟೆ ನಿಲ್ಸಿದ್ರು, ಬೇಟೆ ಆಡ್ತಿದ್ದೋರನ್ನೇ ಗೇಮ್ ಗಾರ್ಡ್, ಅಂದ್ರೆ ಕಾಡುಪ್ರಾಣಿ ಕಾಯೋರು, ಮಾಡಿದ್ರು, ಅವರ ಸಂಬಳಕ್ಕೆ ಹೊರಗಿನ ಶಿಕಾರಿಗಳಿಗೆ ಬೆರಳೆಣಿಕೆಯಷ್ಟು ಗಂಡು ಪ್ರಾಣಿ ಹೊಡೆಯೋಕೆ ಬಿಟ್ಟು ಅದರ ಫೀಸು ತಗೊಂಡ್ರು. ಇಪ್ಪತ್ತು ವರ್ಷದೊಳಗೆ ಸಂಖ್ಯೆ ಸಾವಿರ ದಾಟ್ತು. 1997ರಲ್ಲಿ ಸೈಟ್ಸ್ (ಅಪಾಯದಲ್ಲಿರೋ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದ) ಇಡೀ ಪಾಕಿಸ್ತಾನಕ್ಕೆ ವರ್ಷಕ್ಕೆ 6 ಮಾರ್ಖೋರ್ ಕೋಟಾ ಕೊಡ್ತು, ಆಮೇಲೆ 12 ಮಾಡ್ತು. ಈಗ ಚಿತ್ರಾಲ್, ಗಿಲ್ಗಿಟ್ ಕಡೆ ಒಂದೊಂದು ಪರ್ಮಿಟ್ಟೂ ಲಕ್ಷ ಡಾಲರ್ ಮೇಲೆ ಹರಾಜಾಗತ್ತೆ, ಅದರಲ್ಲಿ ನೂರಕ್ಕೆ 80 ಭಾಗ ಆ ಕಣಿವೆಯ ಊರಿನೋರಿಗೇ ಹೋಗಬೇಕು ಅನ್ನೋದು ನಿಯಮ. ಒಂದು ಮುದಿ ಹೋತ ಹೋಯ್ತು, ಆದ್ರೆ ಹೆಣ್ಣು, ಮರಿಗಳನ್ನ ಕಾಯೋಕೆ ಇಡೀ ಊರು ನಿಂತ್ಕೊಳ್ತು.

ನಮೀಬಿಯಾದ್ದೂ ಇದೇ ದಾರಿ. 1996ರ ಕಾನೂನು ಬಂದ್ಮೇಲೆ ಹಳ್ಳಿಗಳೋರೇ ಕನ್ಸರ್ವೆನ್ಸಿ, ಅಂದ್ರೆ ತಾವೇ ನೋಡ್ಕೊಳ್ಳೋ ವನ್ಯಜೀವಿ ಪ್ರದೇಶ, ಮಾಡ್ಕೊಂಡು ವನ್ಯಜೀವಿಯಿಂದ ಬರೋ ಆದಾಯ ಇಟ್ಕೋಬಹುದು. ಅದೇ ದೇಶದ ಒಂದು ಕಪ್ಪು ಘೇಂಡಾಮೃಗದ ಪರ್ಮಿಟ್ 2014ರಲ್ಲಿ ಅಮೆರಿಕದಲ್ಲಿ 3.5 ಲಕ್ಷ ಡಾಲರಿಗೆ ಹರಾಜಾದಾಗ ದೊಡ್ಡ ಗಲಾಟೆನೇ ಆಯ್ತು, ಆದ್ರೆ ಅದಕ್ಕೆ ಆರಿಸ್ತಿದ್ದಿದ್ದು ಮರಿ ಹುಟ್ಟಿಸೋ ವಯಸ್ಸು ದಾಟಿದ ಗಂಡು, ಇಂಥ ಮುದುಕರು ಪ್ರಾಯದ ಗಂಡುಗಳ ಮೇಲೆ ಬಿದ್ದು ಕೊಂದೂ ಹಾಕ್ತಾವೆ.

ಎಲ್ಲಾ ಪ್ರಾಣಿಗೂ ಈ ಲೆಕ್ಕ ಕೂಡಲ್ಲ. ಸಿಂಹದ ಗುಂಪಿನ ಪ್ರಾಯದ ಗಂಡನ್ನ ಹೊಡೆದ್ರೆ ಹೊಸ ಗಂಡು ಬಂದು ಮರಿಗಳನ್ನೂ ಕೊಲ್ಲತ್ತೆ, ಅಂದ್ರೆ ಒಂದು ಗುಂಡಿಗೆ ಎಷ್ಟು ಜೀವ ನೋಡಿ, ಅದಕ್ಕೇ ಟಾಂಜಾನಿಯಾ ಆರು ವರ್ಷ ತುಂಬದ ಸಿಂಹ ಹೊಡೀಬಾರದು ಅಂತ ನಿಯಮ ತಂದಿದ್ದು. ವಯಸ್ಸು ಗುರುತಿಸೋಕೆ ಬರದ ಶಿಕಾರಿಗೆ ಪರ್ಮಿಟ್ ಕೊಡಲೇಬಾರದು ಅನ್ಸತ್ತೆ ನಂಗೆ.

ಪೂರ್ತಿ ಬ್ಯಾನ್ ಮಾಡಿ ಅನ್ನೋರ ಸಂಕಟ ನಂಗೆ ಅರ್ಥ ಆಗತ್ತೆ. ಆದ್ರೆ ಕೀನ್ಯಾ 1977ರಲ್ಲೇ ಬೇಟೆ ನಿಲ್ಲಿಸ್ತು, ಆಮೇಲೂ ಅಲ್ಲಿ ಕಾಡುಪ್ರಾಣಿಗಳು ಕರಗ್ತಾನೇ ಹೋದ್ವು, ಯಾಕಂದ್ರೆ ಬೇಲಿ, ಹೊಲ, ದನಕರು, ಕಳ್ಳಬೇಟೆ ಯಾವುದೂ ನಿಲ್ಲಲಿಲ್ಲ. ದುಡ್ಡು ಮಧ್ಯದಲ್ಲೇ ಏಜೆಂಟು, ಅಧಿಕಾರಿಗಳ ಜೇಬಿಗೆ ಹೋಗೋ ಕಡೆ ನಾಳೆನೇ ಮುಚ್ಚಲಿ, ನಾನೂ ಜೊತೆಗಿದೀನಿ. ತೋರ್ಘರ್ ಥರದ ಕಡೆ ಮುಚ್ಚಬೇಕು ಅನ್ನೋರು ಮಾತ್ರ ಆ ಗಾರ್ಡ್‌ಗಳ ಮುಂದಿನ ತಿಂಗಳ ಸಂಬಳ ಎಲ್ಲಿಂದ ಬರತ್ತೆ ಅಂತ ಮೊದಲು ಹೇಳಲಿ.