‘ರಬ್ಬರ್ ಕೊಳವೆಗೆ ಅಷ್ಟು ದುಡ್ಡೇ?’

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ದೋಣಿಯಲ್ಲಿ, ಬೆನ್ನಿಗೆ ಗಾಳಿ ಕಟ್ಟಿಕೊಂಡು ಸಮುದ್ರದೊಳಗೆ ಮುಳುಗುವ ಸ್ಕೂಬಾದ ಸಲಕರಣೆ ನೋಡಿಕೊಳ್ಳುವುದು, ಸಮುದ್ರ ಮುಚ್ಚಿದ ಮಳೆಗಾಲದಲ್ಲಿ ಅದನ್ನೇ ಬಿಚ್ಚಿ ರಿಪೇರಿ ಮಾಡುವುದು ನನ್ನ ಕಸುಬು. ಹಾಗಾಗಿ, ಸಿಲಿಂಡರಿನ ಗಾಳಿಯನ್ನು ಉಸಿರಾಡುವಂತೆ ಬಾಯಿಗೆ ತಲುಪಿಸುವ ರೆಗ್ಯುಲೇಟರ್ ತೋರಿಸಿ ‘ಇದಕ್ಕೆ ಯಾಕೆ ಇಷ್ಟು ಬೆಲೆ?’ ಎಂದು ಕೇಳುವ ಪ್ರಶ್ನೆಯಿಂದ ನನಗೆ ಬಿಡುಗಡೆಯಿಲ್ಲ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ಪ್ರಶ್ನೆಗಿಂತ ಕೇಳುವ ಧಾಟಿ ಉರಿಸುತ್ತದೆ. ‘ಹೆಚ್ಚೆಂದರೆ ಒಂದು ರಬ್ಬರ್ ಕೊಳವೆ, ಒಂದು ಹಿತ್ತಾಳೆ ತುಂಡು, ಅಲ್ಲವೇ?’ ಹಾಗೆ ಲೆಕ್ಕ ಹಾಕಿದರೆ ಮನುಷ್ಯನೂ ಒಂದಿಷ್ಟು ನೀರು, ಒಂದಿಷ್ಟು ಎಲುಬು.

ಆ ಹಿತ್ತಾಳೆ ತುಂಡಿನ ಹೆಸರು ಫಸ್ಟ್ ಸ್ಟೇಜ್. ಕಾರಿನ ಟೈರಿನಲ್ಲಿ ಎರಡು ಚಿಲ್ಲರೆ ಬಾರ್ ಒತ್ತಡವಿದ್ದರೆ, ಬೆನ್ನ ಮೇಲಿನ ಸಿಲಿಂಡರಿನಲ್ಲಿ 200 ಬಾರ್ ಇರುತ್ತದೆ. ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9–10 ಬಾರ್ ಮಾತ್ರ ಹೆಚ್ಚಿರುವಂತೆ ಇಳಿಸಿ, ಸಿಲಿಂಡರ್ ಖಾಲಿಯಾಗುತ್ತ ಬಂದರೂ ಅಲ್ಲೇ ನಿಲ್ಲಿಸುವುದು ಈ ತುಂಡಿನ ಕೆಲಸ. ಸುತ್ತಲಿನ ಒತ್ತಡವಾದರೂ ಸುಮ್ಮನಿರುತ್ತದೆಯೇ? 10 ಮೀಟರ್ ಇಳಿದರೆ ಇಮ್ಮಡಿ, 30 ಮೀಟರಿನಲ್ಲಿ ನಾಲ್ಕು ಪಟ್ಟು. ಉಪ್ಪುನೀರಿನಲ್ಲಿ, ವರ್ಷಗಟ್ಟಲೆ, ಪ್ರತಿ ಉಸಿರಿಗೂ ಇದು ನಡೆಯಬೇಕು. ಇನ್ನು ಬಾಯಿಗೆ ಕಚ್ಚಿಕೊಳ್ಳುವ ಸೆಕೆಂಡ್ ಸ್ಟೇಜ್‌ನ ಕವಾಟವನ್ನು, ಕೆಟ್ಟರೂ ಗಾಳಿ ಕಟ್ಟಿಕೊಳ್ಳದೆ ಹೊರಗೆ ಸುರಿಯುವಂತೆ ಮಾಡಿರುತ್ತಾರೆ.

ಕಳೆದ ಹಂಗಾಮಿನಲ್ಲಿ ಬೆಂಗಳೂರಿನಿಂದ ಬಂದಿದ್ದವರೊಬ್ಬರು ಮೊಬೈಲ್ ಚಾಚಿ, ಮೂರನೇ ಒಂದು ಭಾಗದ ಬೆಲೆಯ ರೆಗ್ಯುಲೇಟರ್ ತೋರಿಸಿದರು. ‘ಸಾರ್, ಇದೂ ಅದೇ ತಾನೇ? ಬಣ್ಣವೂ ಅದೇ.’ ಯುರೋಪಿನ ಇಎನ್ 250 ಪರೀಕ್ಷೆ ದಾಟಿದೆಯೇ ಎಂದು ಕೇಳಿದೆ. ‘ನಾಲ್ಕೂವರೆ ಸ್ಟಾರ್ ಇದೆ’ ಎಂದರು. ಆ ಪರೀಕ್ಷೆಯಲ್ಲಿ ಸ್ಟಾರ್ ಕೊಡುವುದಿಲ್ಲ ಸ್ವಾಮಿ. 50 ಮೀಟರ್ ಆಳದ ಒತ್ತಡದಲ್ಲಿ ಒಂದು ಯಂತ್ರ ನಿಮಿಷಕ್ಕೆ 62.5 ಲೀಟರಿನಂತೆ ಉಸಿರಾಡುತ್ತದೆ. ಉಸಿರೆಳೆಯಲು ಎಷ್ಟು ಶ್ರಮವಾಯಿತೆಂದು ಅಳೆಯುತ್ತಾರೆ. ಈ ಪರೀಕ್ಷೆ, ಅಚ್ಚು, ಹೊಣೆಗಾರಿಕೆಯ ವಿಮೆ ಎಲ್ಲದರ ಖರ್ಚನ್ನೂ ಹೊರಬೇಕಾದವರು ಜಗತ್ತಿನಲ್ಲಿರುವ ಕೆಲವೇ ಮಂದಿ ಮುಳುಗುವವರು. ನಮ್ಮಲ್ಲಿಗೆ ಬರುವಾಗ ಅದರ ಮೇಲೆ ಆಮದು ಸುಂಕ, ಜಿಎಸ್‌ಟಿ. ಸಿಲಿಂಡರ್ ತರಿಸುವುದಾದರೆ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಸ್ಫೋಟಕ ಸುರಕ್ಷತಾ ಸಂಸ್ಥೆ ಪೆಸೋದ ಅನುಮತಿಯೂ ಬೇಕು.

ಬೆಲೆಯೆಲ್ಲವೂ ನ್ಯಾಯವೆಂದು ನಾನು ವಾದಿಸುವುದಿಲ್ಲ. ಟೈಟಾನಿಯಂ ರೆಗ್ಯುಲೇಟರ್ ವಿಮಾನದ ಲಗೇಜಿನಲ್ಲಿ ಹಗುರ, ನಿಜ. ಹೊಸಬರಿಗೆ ಅದು ಶೋಕಿ. ಮುಖಕ್ಕೆ ಸರಿಯಾಗಿ ಕೂರದ ಮಾಸ್ಕ್ ಎಷ್ಟು ದುಬಾರಿಯಾದರೂ ನೀರು ಬಿಡುತ್ತದೆ.

ಇಷ್ಟೆಲ್ಲ ಚೌಕಾಸಿ ಮಾಡುವವರು ನನ್ನನ್ನು ಕೇಳಬೇಕಾದ ಪ್ರಶ್ನೆಯೇ ಬೇರೆ: ‘ಇದರ ಸರ್ವೀಸ್ ಕೊನೆಯ ಸಲ ಯಾವಾಗ ಆಯಿತು?’ ಅದನ್ನು ಯಾರೂ ಕೇಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಸಿಕ್ಕಿತೆಂದು ಬೀಗುತ್ತ ತಂದವರ ಫಸ್ಟ್ ಸ್ಟೇಜ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು, ಸ್ಪ್ರಿಂಗಿನ ಸುತ್ತ ಉಪ್ಪಿನ ಹರಳು. ಗಾಳಿಯನ್ನು ತಡೆಯುವ ಪುಟ್ಟ ಪ್ಲಾಸ್ಟಿಕ್ ಸೀಟಿನ ಮೇಲೆ ಉಗುರಿಗೆ ಸಿಗುವಷ್ಟು ಆಳದ ಗೀರು. ಒತ್ತಡ ಅಳೆಯುವ ಮೀಟರ್ ಜೋಡಿಸಿದರೆ ಮುಳ್ಳು ಒಂದೆಡೆ ನಿಲ್ಲದೆ ಮೆಲ್ಲಗೆ ಏರುತ್ತಲೇ ಇರುತ್ತದೆ. ಹೊರಗೆ ಮಾತ್ರ ಕ್ರೋಮಿಯಂ ಹೊಳಪು. ಬಿಡಿಭಾಗಗಳ ಕಿಟ್ ಒಂದೊಂದು ಕಂಪನಿಗೆ ಒಂದೊಂದು ಬಗೆ, ಅದಕ್ಕೂ ವಿದೇಶದ ದಾರಿ ಕಾಯಬೇಕು. ಆ ಬಿಲ್ ಕೈಗಿಟ್ಟಾಗ ಮತ್ತೆ ಅದೇ ರಾಗ: ‘ವಾಷರ್ ಬದಲಿಸಲು ಇಷ್ಟು ದುಡ್ಡೇ?’

ಬಾಡಿಗೆಗೆ ಪಡೆಯುವವರೂ ಒಂದು ಕೆಲಸ ಮಾಡಿ. ನೀರಿಗೆ ಹಾರುವ ಮೊದಲು ಪ್ರೆಷರ್ ಗೇಜ್ ನೋಡುತ್ತ ನಾಲ್ಕು ಸಲ ಜೋರಾಗಿ ಉಸಿರೆಳೆಯಿರಿ. ಪ್ರತಿ ಉಸಿರಿಗೂ ಮುಳ್ಳು ಕೆಳಗೆ ಕುಸಿದು ಮೇಲೇಳುತ್ತಿದ್ದರೆ ಸಿಲಿಂಡರಿನ ಕವಾಟ ಪೂರ್ತಿ ತೆರೆದಿಲ್ಲದಿರಬಹುದು. ತಕ್ಷಣ ಕೂಗಿ ಹೇಳಿ. ಸರ್ವೀಸ್ ಪುಸ್ತಕವನ್ನೂ ಕೇಳಿ, ನಮಗೇನೂ ಬೇಸರವಿಲ್ಲ. ಬೇಸರ ಮಾಡಿಕೊಳ್ಳುವವರ ದೋಣಿ ಹತ್ತಬೇಡಿ.