ರೆಪ್ಪೆ ಬಡಿಯೋದನ್ನೇ ಮರೆತಿದ್ದೆ

ಒಂದು ವಾರದಿಂದ ಕಣ್ಣಿಗೆ ಮರಳು ಬಿದ್ದ ಹಾಗೆ ಚುರುಚುರು. ಸಂಜೆಯಾದರೆ ಸ್ಕ್ರೀನಿನ ಅಕ್ಷರವೆಲ್ಲ ಮಸುಕು. ಕನ್ನಡಕದ ನಂಬರ್ ಜಾಸ್ತಿ ಆಗಿರಬೇಕು ಅಂದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದೆ. ನಂಬರ್ ಹಾಗೇ ಇತ್ತು. "ನೀವು ರೆಪ್ಪೆ ಬಡೀತಾ ಇಲ್ಲ, ಅಷ್ಟೇ" ಅಂದರು.

ನಗು ಬಂತು. ಆದರೆ ವಿಷಯ ನಿಜ. ಸುಮ್ನೆ ಕೂತಾಗ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಸ್ಕ್ರೀನ್ ಮುಂದೆ ಅದು ಅರ್ಧಕ್ಕೆ ಇಳಿಯುತ್ತದೆ, ಅದೂ ಅರೆಬರೆ. ಪ್ರತಿ ಸಲ ರೆಪ್ಪೆ ಮುಚ್ಚಿದಾಗ ಕಣ್ಣೀರು ತೆಳ್ಳಗೆ ಹರಡುತ್ತದೆ. ಅದು ಬೇಗ ಆರದಿರಲಿ ಅಂತ ಮೇಲೊಂದು ಎಣ್ಣೆಯ ಪದರ, ಸಾರಿನ ಮೇಲೆ ಒಗ್ಗರಣೆ ತೇಲುವ ಹಾಗೆ. ಆ ಎಣ್ಣೆ ಬರೋದು ರೆಪ್ಪೆಯಂಚಿನ ಗ್ರಂಥಿಗಳಿಂದ. ರೆಪ್ಪೆಯೇ ಸರಿಯಾಗಿ ಮುಚ್ಚದಿದ್ದರೆ ಅದು ಬರೋದಾದರೂ ಹೇಗೆ? ನನ್ನ ಸೀಟೋ, ಏಸಿ ಗಾಳಿ ನೇರ ಮುಖಕ್ಕೇ ಬಡಿಯುವ ಜಾಗ!

ಸೀಟು ತಿರುಗಿಸಿಕೊಂಡೆ. ಮಾನಿಟರ್ ಅಡಿಗಿಟ್ಟಿದ್ದ ಹಳೇ ಡಿಕ್ಷನರಿ ತೆಗೆದೆ. ಸ್ಕ್ರೀನ್ ಕಣ್ಣಿಗಿಂತ ಸ್ವಲ್ಪ ಕೆಳಗಿದ್ದರೆ ರೆಪ್ಪೆ ಅಷ್ಟು ಅಗಲ ತೆರೆಯಬೇಕಿಲ್ಲ, ಕಣ್ಣು ಒಣಗೋದೂ ಕಡಿಮೆ.

ಇನ್ನೊಂದು, 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡೋದು. ಕಿಟಕಿಯಾಚೆ ಒಂದು ಹೊಂಗೆ ಮರ ಇದೆ, ಅದನ್ನೇ ನೋಡ್ತೀನಿ. ನಾಲ್ಕು ವರ್ಷದಿಂದ ಇದೇ ಸೀಟು. ಆ ಮರದಲ್ಲಿ ಕಾಗೆ ಗೂಡಿದೆ ಅಂತ ನಿನ್ನೆ ಗೊತ್ತಾಯಿತು.